ಕಡಲು, ಕಲ್ಲು, ನಿಮ್ಮ ಕಾಗದ

ಕಾಸರಗೋಡು ಜಿಲ್ಲೆಯ ಕುಂಬಳೆಯ ಕಡಲ ಬದಿಯಲ್ಲಿ ಮನೆ, ಮನೆಯ ಹಿಂದೆ ಶೆಡ್ಡು. ಕನ್ನಡ ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿ ನಿವೃತ್ತರಾದ ಮೇಲೆ ಕಡಲಾಮೆ, ತೊರಕೆ (ಚಪ್ಪಟೆ ಮೈಯ ಮೀನು), ಏಡಿಗಳನ್ನೇ ಕೆತ್ತುತ್ತಿರುವ ಶಿಲ್ಪಿ ಓದುಗರ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದಾರೆ.

ಟೀಚರ್, ನಮ್ಮ ಕ್ಲಬ್ಬಿನ ಬೆಳ್ಳಿಹಬ್ಬದ ನೆನಪಿಗೆ ಕಡಲ ಬದಿಯಲ್ಲಿ ದೊಡ್ಡದೊಂದು ಕಡಲಾಮೆ ಮಾಡಿಸಬೇಕೆಂದಿದ್ದೇವೆ. ಫೈಬರಿನಲ್ಲಾದರೆ ಹಗುರ, ಬೇಗ ಆಗುತ್ತದೆ ಅಂತಾರೆ. ಫೈಬರ್ ಒಳ್ಳೆಯದಾ, ಸಿಮೆಂಟಾ? ನಾವು ಆರಿಸಿದ ಚಿತ್ರವನ್ನೂ ಕಳಿಸಿದ್ದೇವೆ.
— ಕ್ಲಬ್ ಕಾರ್ಯದರ್ಶಿ, ಉಪ್ಪಳ

ಚಿತ್ರ ನೋಡಿದೆ. ಅದು ಕೆರೆಯ ಆಮೆ, ಮಾರಾಯ್ರೇ. ದುಂಡು ಕಾಲು, ಕಾಲಿಗೆ ಬೆರಳು, ಎತ್ತರಕ್ಕೆ ಉಬ್ಬಿದ ಬೆನ್ನು, ಅರ್ಧ ಒಳಗೆ ಹೋದ ತಲೆ. ಕಡಲಾಮೆಗೆ ತಲೆಯನ್ನಾಗಲಿ ಕಾಲನ್ನಾಗಲಿ ಚಿಪ್ಪಿನೊಳಗೆ ಎಳೆದುಕೊಳ್ಳಲು ಬರುವುದೇ ಇಲ್ಲ. ಅದರ ಮುಂಗಾಲು ದೋಣಿಯ ಹುಟ್ಟಿನ ಹಾಗೆ ಉದ್ದ, ಚಪ್ಪಟೆ. ಮೊದಲು ಆ ಚಿತ್ರ ಬದಲಾಯಿಸಿ, ಸಿಮೆಂಟಿನ ವಿಚಾರ ಆಮೇಲೆ.

ನಮ್ಮ ಕಡೆ ಮೊಟ್ಟೆ ಇಡಲು ಬರುವುದು ಹೆಚ್ಚಾಗಿ ಆಲಿವ್ ರಿಡ್ಲಿ ಎಂಬ ಜಾತಿಯ ಕಡಲಾಮೆ. ನೀಲೇಶ್ವರದ ತೈಕಡಪ್ಪುರದಲ್ಲಿ ನೆಯ್ತಲ್ ಸಂಘದವರು ಇದರ ಮೊಟ್ಟೆ ಕಾದು, ಮರಿಗಳನ್ನು ಕಡಲಿಗೆ ಬಿಡುತ್ತಾ ಬಂದಿದ್ದಾರೆ. ಒಮ್ಮೆ ಹೋಗಿ ಅವರನ್ನು ಮಾತಾಡಿಸಿ. ಕಳೆದ ಮಳೆಗಾಲದಲ್ಲಿ ಸತ್ತ ರಿಡ್ಲಿಯೊಂದು ನಮ್ಮ ಮನೆಯ ಎದುರೇ ದಡಕ್ಕೆ ಬಂದು ಬಿದ್ದಿತ್ತು. ಅರಣ್ಯ ಇಲಾಖೆಯವರು ಬರುವ ತನಕ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತು ಚಿತ್ರ ಬಿಡಿಸಿಕೊಂಡೆ. ಮುಟ್ಟಲಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು, ಸತ್ತಿದ್ದರೂ ನಮಗೆ ಮುಟ್ಟುವ ಹಕ್ಕಿಲ್ಲ. ಚಿಪ್ಪಿನ ಉದ್ದ, ಅಗಲ ಹೆಚ್ಚುಕಮ್ಮಿ ಒಂದೇ. ಚಿಪ್ಪಿನ ಮೇಲೆ ಹಂಚಿನ ಹಾಗೆ ಜೋಡಿಸಿದ ಬಿಲ್ಲೆಗಳು, ನಡುವಿನ ಸಾಲಿನ ಎಡಕ್ಕೆ 6, ಬಲಕ್ಕೆ 7. ಬೇರೆ ಕಡಲಾಮೆಗಳಲ್ಲಿ ಈ ಬದಿಯ ಬಿಲ್ಲೆಗಳು ಸಾಮಾನ್ಯವಾಗಿ 4 ಅಥವಾ 5, ಎರಡೂ ಕಡೆ ಸಮ. ರಿಡ್ಲಿಗೆ 5ರಿಂದ 9ರ ತನಕ ಇರುತ್ತವೆ. ಎಡ ಬಲ ಲೆಕ್ಕ ತಾಳೆ ಆಗದೇ ಇರುವುದು ಅದರಲ್ಲಿ ಮಾಮೂಲು.

ಮೂರ್ತಿ ಮಾಡುವವರ ಕೈ ಎಡಬಲ ಸಮ ಮಾಡದೆ ಬಿಡುವುದಿಲ್ಲ, ಅಭ್ಯಾಸಬಲ. ನಿಮ್ಮ ಮೇಸ್ತ್ರಿಗೆ ಇದನ್ನು ಮೊದಲೇ ಹೇಳಿಬಿಡಿ. ಒಂದು ಕಡೆ 6, ಇನ್ನೊಂದು ಕಡೆ 7 ಇಟ್ಟರೆ ನೋಡಿದವರು "ಲೆಕ್ಕ ತಪ್ಪಿದೆ" ಅಂತಾರೆ. ಅನ್ನಲಿ. ಆಗ ಕ್ಲಬ್ಬಿನ ಹುಡುಗರು ನಾಲ್ಕು ಮಾತು ಹೇಳಬಹುದು. ನಿಮಗೆ ಬೇಕಾದ್ದೂ ಅದೇ ಅಲ್ವಾ?

ಇನ್ನು ಫೈಬರ್. ಅದು ಗಾಜಿನ ನಾರು ಮತ್ತು ರೆಸಿನ್. ರೆಸಿನ್ ಅಂದರೆ ಪ್ಲಾಸ್ಟಿಕ್ಕೇ. ಬಿಸಿಲಿಗೆ, ಉಪ್ಪುಗಾಳಿಗೆ ಮೇಲಿನ ಪದರ ಮಾಸಿ ಪುಡಿ ಪುಡಿಯಾಗುತ್ತದೆ. ಕಡಲ ಬದಿಯಲ್ಲಿ ಉದುರಿದ್ದು ಕಡಲಿಗಲ್ಲದೆ ಇನ್ನೆಲ್ಲಿಗೆ ಹೋಗುತ್ತದೆ? "ಕಡಲು ಉಳಿಸಿ" ಎಂಬ ಬೋರ್ಡಿನ ಕೆಳಗೆ ಅದನ್ನು ನಿಲ್ಲಿಸಲು ನನಗಂತೂ ಮನಸ್ಸು ಬರುವುದಿಲ್ಲ.

ಸಿಮೆಂಟಿನಲ್ಲಿ ಮಾಡುವುದಾದರೆ ಕಡಲ ಹೊಯಿಗೆ (ಮರಳು) ಮುಟ್ಟಬೇಡಿ. ಪುಕ್ಕಟೆ ಸಿಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನು ಬಾಚುವುದು ಕಾನೂನಿಗೆ ವಿರುದ್ಧ, ಅದು ಬೇರೆ ಮಾತು. ಅದರಲ್ಲಿರುವ ಉಪ್ಪು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ತುಕ್ಕು ಉಬ್ಬುತ್ತದೆ, ಉಬ್ಬಿದಾಗ ಮೇಲಿನ ಸಿಮೆಂಟ್ ಒಡೆದು ಚಕ್ಕೆ ಏಳುತ್ತದೆ. ಕಲಾಯಿ ಹಾಕಿದ ಜಾಲರಿಯನ್ನೇ ತನ್ನಿ. ಕಬ್ಬಿಣದ ಮೇಲೆ ಸಿಮೆಂಟ್ ದಪ್ಪಗಿರಲಿ. ಗೋಣಿ ಹೊದಿಸಿ, ಹತ್ತು ಹದಿನೈದು ದಿನ ನೀರು ಕೊಡಿ.

ನನ್ನನ್ನು ಕೇಳಿದರೆ ಕೆಂಪುಕಲ್ಲು. ಪಣೆಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಆದ್ದರಿಂದ ಹೊಸ ಕಲ್ಲಿಗೇ ಕೈ ಹಾಕಬೇಕು. ಮೈತುಂಬಾ ತೂತು, ನಾಜೂಕಿನ ಕೆಲಸ ಅದರಲ್ಲಿ ಬರುವುದಿಲ್ಲ. ಮನುಷ್ಯರ ಮುಖ ಮಾಡಲು ಹೊರಟರೆ ಮೂಗು ಉಳಿಯುವುದಿಲ್ಲ. ಆಮೆಗೆ ಅದು ಧಾರಾಳ ಸಾಕು. ಎರಡು ಮಳೆಗಾಲ ಕಳೆದರೆ ಪಾಚಿ ಹಿಡಿಯುತ್ತದೆ, ಬಣ್ಣದ ಖರ್ಚೂ ಇಲ್ಲ.

ಜಾಗದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹೊಯಿಗೆಯ ಮೇಲೆ ಬೇಡ, ಗಾಳಿಮರಗಳ ಈಚೆ ಇರಲಿ. ಫ್ಲಡ್‌ಲೈಟ್ ಹಾಕಲೇಬೇಡಿ. ಮರಿಗಳು ರಾತ್ರಿ ಹೊಯಿಗೆಯೊಳಗಿನ ಗೂಡಿನಿಂದ ಹೊರಗೆ ಬಂದು ಬೆಳಕು ಜಾಸ್ತಿ ಇರುವ ಕಡೆಗೆ ಹೋಗುತ್ತವೆ. ಲೈಟು ಕಂಡರೆ ಕಡಲು ಬಿಟ್ಟು ರಸ್ತೆಗೆ ಬರುತ್ತವೆ. ಸಿಮೆಂಟಿನ ಆಮೆಗೆ ಹಾಕಿದ ಲೈಟಿನಿಂದ ಜೀವ ಇರುವ ಆಮೆ ಸಾಯುವುದು ಬೇಡ.

ಟೀಚರ್, ನೀರಿನ ಅಡಿಯಲ್ಲಿ ಶಿಲ್ಪಗಳನ್ನು ಇಡುವ ವಿಡಿಯೋ ನೋಡಿದೆ. ಅದರ ಮೇಲೆ ಹವಳ ಬೆಳೆಯುತ್ತದಂತೆ. ನಮ್ಮ ಕುಂಬಳೆಯಲ್ಲೂ ಹಾಗೆ ಮಾಡಬಹುದಾ? ನೀವು ಯಾಕೆ ಮಾಡಿಲ್ಲ?
— ಪದವಿ ವಿದ್ಯಾರ್ಥಿನಿ, ವಿದ್ಯಾನಗರ

ನೀನು ನೋಡಿದ್ದು ಬಹುಶಃ ಜೇಸನ್ ಡಿಕೇರ್ಸ್ ಟೇಲರ್ ಎಂಬ ಬ್ರಿಟಿಷ್ ಶಿಲ್ಪಿಯ ಕೆಲಸ. 2006ರಲ್ಲಿ ಕೆರಿಬಿಯನ್ನಿನ ಗ್ರೆನಡಾ ದ್ವೀಪದ ಮೊಲಿನೇರ್ ಕೊಲ್ಲಿಯಲ್ಲಿ ಆತ ಶುರು ಮಾಡಿದ. ಅದಕ್ಕೆ ಎರಡು ವರ್ಷ ಮೊದಲು ಐವನ್ ಚಂಡಮಾರುತ ಆ ದ್ವೀಪಕ್ಕೆ ಬಡಿದಿತ್ತು, ಹವಳದ ದಿಬ್ಬಗಳಿಗೂ ಪೆಟ್ಟಾಗಿತ್ತು. ಕೈ ಕೈ ಹಿಡಿದು ವೃತ್ತದಲ್ಲಿ ನಿಂತ 26 ಮಕ್ಕಳ ಶಿಲ್ಪ ಅಲ್ಲಿಯದ್ದು. ಆಮೇಲೆ ಮೆಕ್ಸಿಕೋದ ಕಾನ್‌ಕೂನಿನಲ್ಲಿ ಊರಿನವರದ್ದೇ ಅಚ್ಚು ತೆಗೆದು 400ಕ್ಕೂ ಹೆಚ್ಚು ಆಳೆತ್ತರದ ಜನರನ್ನು ಕಡಲಿನ ತಳದಲ್ಲಿ ನಿಲ್ಲಿಸಿದ. ಮಾಮೂಲಿ ಸಿಮೆಂಟಿನ ಕ್ಷಾರ ಜಾಸ್ತಿ. ಹೊಸದರಲ್ಲಿ ಅದರ ಮೇಲೆ ಹವಳದ ಮರಿ ಕೂರಲು ಒಪ್ಪುವುದಿಲ್ಲ. ಅದಕ್ಕೇ ಆತ ಕ್ಷಾರ ಇಳಿಸಿದ ಬೇರೆ ಸಿಮೆಂಟ್ ಬಳಸುತ್ತಾನೆ, ಮೈಯನ್ನು ಬೇಕೆಂದೇ ಒರಟಾಗಿ ಬಿಡುತ್ತಾನೆ. ಕಾನ್‌ಕೂನಿನಲ್ಲಿ ಅದರಿಂದ ಇನ್ನೊಂದು ಲಾಭ ಇತ್ತು. ಪ್ರವಾಸಿಗಳು ನಿಜವಾದ ಹವಳದ ಮೇಲೆ ಕಾಲಿಡುವುದು ಬಿಟ್ಟು ಇದನ್ನು ನೋಡಲು ಬರತೊಡಗಿದರು.

ನಮ್ಮಲ್ಲಿ ಆ ಪ್ರವಾಸಿಗಳೂ ಇಲ್ಲ, ಆ ಹವಳವೂ ಇಲ್ಲ. ಶಿರಿಯಾ ಹೊಳೆ, ಮೊಗ್ರಾಲ್ ಹೊಳೆ, ಚಂದ್ರಗಿರಿ ಮೂರೂ ಸೇರಿ ಮಳೆಗಾಲದಲ್ಲಿ ಎಷ್ಟು ಕೆಂಪು ನೀರು ತಂದು ಸುರಿಯುತ್ತವೆ ಅಂತ ನೀನೇ ಸೇತುವೆ ಮೇಲೆ ನಿಂತು ನೋಡಿರುತ್ತೀ. ನೀರಿನ ಒಳಗೆ ಇಳಿದರೆ ಕೈ ಚಾಚಿದ ದೂರಕ್ಕೂ ಏನೂ ಕಾಣದ ತಿಂಗಳುಗಳಿವೆ. ತಳದ ಹೊಯಿಗೆ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಮೇಲಾಗಿ ನಾನು ಮುಳುಗಿಸಿದ ಕಲ್ಲಿಗೆ ಯಾರದ್ದೋ ಬಲೆ ಸಿಕ್ಕಿ ಹರಿದರೆ ಅದರ ದುಡ್ಡು ಕೊಡುವವರು ಯಾರು? ಪರವಾನಗಿಯ ಮಾತು ಆಮೇಲೆ.

ಆದರೆ ಬಲೆ ಸಿಕ್ಕಿಕೊಳ್ಳಲಿ ಅಂತಲೇ ಶಿಲ್ಪ ಮುಳುಗಿಸಿದ ಊರೊಂದಿದೆ. ನನಗೆ ಟೇಲರನ ಕೆಲಸಕ್ಕಿಂತ ಇದು ಜಾಸ್ತಿ ಹಿಡಿಸಿದೆ. ಇಟಲಿಯ ಟಸ್ಕನಿ ಕರಾವಳಿಯಲ್ಲಿ ತಾಲಮೋನೆ ಅಂತ. ಅಲ್ಲಿನ ಮೀನುಗಾರ ಪಾವ್ಲೋ ಫಾನ್‌ಚುಲ್ಲಿ. ದಡದ ಹತ್ತಿರವೇ ಟ್ರಾಲ್ ಬೋಟಿನವರು ಕದ್ದು ಬಂದು ತಳ ಬಾಚಿಕೊಂಡು ಹೋಗುತ್ತಿದ್ದರು. ಕಡಲ ಹುಲ್ಲೆಲ್ಲ ಕಿತ್ತು ಹೋಗುತ್ತಿತ್ತು. ಮೊದಲು ಕಾಂಕ್ರೀಟ್ ಬ್ಲಾಕ್ ಹಾಕಿ ನೋಡಿದರು. ಆಮೇಲೆ ಕರಾರಾದ ಗಣಿಯೊಂದಕ್ಕೆ ಹೋಗಿ ಕೆಲವು ಅಮೃತಶಿಲೆಯ ಕಲ್ಲು ಕೇಳಿದರು. ಗಣಿಯವರು 100 ಕಲ್ಲು ಕೊಡುತ್ತೇವೆ ಅಂದರು! ಶಿಲ್ಪಿಗಳು ಬಂದು ಕೆತ್ತಿ ಕೊಟ್ಟರು. ಈಗ ಆ ತಳದಲ್ಲಿ ಟನ್‌ಗಟ್ಟಲೆ ತೂಕದ ಮುಖಗಳು ಬಿದ್ದುಕೊಂಡಿವೆ. ಟ್ರಾಲ್ ಬಲೆ ಅಲ್ಲಿಗೆ ಬಂದರೆ ಹರಿಯಿತು ಅಂತಲೇ ಲೆಕ್ಕ. ಶಿಲ್ಪ ಕಾವಲು ಕಾಯುವುದನ್ನು ನಾನು ಬೇರೆಲ್ಲೂ ಕೇಳಿಲ್ಲ.

ನಮ್ಮ ಕೇರಳದಲ್ಲೂ ಮೀನು ಸೇರಲೆಂದು ಕೃತಕ ದಿಬ್ಬ ಮುಳುಗಿಸುತ್ತಾರೆ, ತಿರುವನಂತಪುರದ ಕಡೆ ಜಾಸ್ತಿ. ಕೊಚ್ಚಿಯ ಸಿ.ಎಂ.ಎಫ್.ಆರ್.ಐ. ಎಂಬ ಕಡಲ ಮೀನು ಸಂಶೋಧನಾ ಸಂಸ್ಥೆಯವರ ವಿನ್ಯಾಸ. ತ್ರಿಕೋನದ್ದು, ಹೂವಿನ ಆಕಾರದ್ದು, ಪೈಪಿನದ್ದು, ಎಲ್ಲ ಕಾಂಕ್ರೀಟು. ಅದಕ್ಕೆ ನನ್ನಂಥವಳು ಬೇಕಾಗಿಲ್ಲ. ಅಡಗಿ ಕೂರಲು ಒಂದು ಸಂದು ಸಿಕ್ಕಿದರೆ ಮೀನಿಗೆ ಸಾಕು, ಕಣ್ಣು ಮೂಗು ಚೆನ್ನಾಗಿ ಬಂದಿದೆಯಾ ಅಂತ ಅದು ನೋಡುವುದಿಲ್ಲ.

ಕಡಲಿನೊಳಗೆ ಜೀವ ಹೇಗೆ ಅಂಟಿಕೊಳ್ಳುತ್ತದೆ ಅಂತ ನೋಡುವ ಆಸೆ ಇದ್ದರೆ ಪಡನ್ನಕ್ಕೆ ಹೋಗು, ಬಸ್ಸಿನಲ್ಲೇ ಹೋಗಿ ಬರಬಹುದು. ಅಲ್ಲಿ ಹಿನ್ನೀರಿನಲ್ಲಿ ಬಿದಿರಿನ ಚಪ್ಪರ ಕಟ್ಟಿ ಪಚ್ಚಿಲೆ ಎಂಬ ತಿನ್ನುವ ಚಿಪ್ಪುಜೀವಿಯನ್ನು ಸಾಕುತ್ತಾರೆ. ಬೆರಳಿನ ತುದಿಯಷ್ಟಿರುವ ಮರಿಗಳನ್ನು ಹಗ್ಗದ ಸುತ್ತ ಇಟ್ಟು, ತೆಳ್ಳಗಿನ ಹತ್ತಿ ಬಟ್ಟೆ ಸುತ್ತಿ ಹೊಲಿದು, ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೆಲವೇ ದಿನಕ್ಕೆ ಕೊಳೆತು ಹೋಗುತ್ತದೆ. ಅಷ್ಟರಲ್ಲಿ ಪಚ್ಚಿಲೆ ತನ್ನದೇ ನೂಲು ಬಿಟ್ಟು ಹಗ್ಗವನ್ನು ಹಿಡಿದಿರುತ್ತದೆ. ಮಳೆಗಾಲ ಶುರುವಾಗುವ ಮೊದಲು ಹಗ್ಗ ಎಳೆದರೆ ಹಗ್ಗವೇ ಕಾಣುವುದಿಲ್ಲ. ಮೇಲಿಂದ ಕೆಳಗಿನ ತನಕ ಕಪ್ಪು, ಹಸುರು, ಹೊಳಪು, ಒಂದರ ಮೇಲೊಂದು. ಒಂದನ್ನು ಕೀಳಲು ನೋಡು, ಆ ನೂಲಿನ ಗಟ್ಟಿ ಗೊತ್ತಾಗುತ್ತದೆ. ನಾನು ಮಣ್ಣಿನಲ್ಲಿ ಪಚ್ಚಿಲೆ ಗೊಂಚಲು ಮಾಡಲು ಶುರು ಮಾಡಿದ್ದು ಅದನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ.

ಕಡಲಿನ ಶಿಲ್ಪ ಅಂದರೆ ಮತ್ಸ್ಯಕನ್ಯೆ ಇರಲೇಬೇಕಲ್ಲ? ನೀವು ಒಂದನ್ನೂ ಮಾಡಿಲ್ಲ ಅಂತ ಕೇಳಿದೆ. ಯಾಕೆ?
— ಓದುಗರು, ಮಧೂರು

ನಮ್ಮ ಜಿಲ್ಲೆಯ ಚೆರುವತ್ತೂರಿನ ಕಡೆಯ ಶಿಲ್ಪಿ ಕಾನಾಯಿ ಕುಞ್ಞಿರಾಮನ್ ತಿರುವನಂತಪುರದ ಶಂಖುಮುಖದಲ್ಲಿ ಸಾಗರಕನ್ಯೆಯನ್ನು ಮಲಗಿಸಿದ್ದಾರೆ. 80 ಅಡಿಗಿಂತಲೂ ಉದ್ದ. 1969ರಲ್ಲಿ ಮಲಂಪುಳದಲ್ಲಿ ಯಕ್ಷಿಯನ್ನು ಕೂರಿಸಿದವರೂ ಅವರೇ. ಆ ಸಾಗರಕನ್ಯೆಯನ್ನು ನೋಡಿ ಬಂದ ಮೇಲೂ ನಾನು ಮತ್ಸ್ಯಕನ್ಯೆ ಮಾಡಬೇಕು ಅನ್ನುತ್ತೀರಾ? ನನಗೆ ತೊರಕೆ ಸಾಕು.

ನಮ್ಮ ಮಾವ ಹಿಂದೆ ಲಕ್ಷದ್ವೀಪದಲ್ಲಿ ಕೆಲಸದಲ್ಲಿದ್ದಾಗ ತಂದ ಹವಳದ ತುಂಡು ಶೋಕೇಸಿನಲ್ಲಿದೆ. ಮಗಳು ಅದರಿಂದ ಏನಾದರೂ ಕಲಾಕೃತಿ ಮಾಡುತ್ತೇನೆ ಅಂತಿದ್ದಾಳೆ. ಇನ್ನೂ ಸ್ವಲ್ಪ ತರಿಸಬಹುದಾ?
— ಗೃಹಿಣಿ, ಬದಿಯಡ್ಕ

ತರಿಸಬೇಡಿ. ಕಲ್ಲು ಹವಳಗಳೆಲ್ಲ ಆಮೆ ಇರುವ ಅದೇ ಮೊದಲ ಪಟ್ಟಿಯಲ್ಲಿವೆ. ಕೊಳ್ಳುವುದು, ಮಾರುವುದು, ತರುವುದು ಎಲ್ಲಾ ಅಪರಾಧ. ಮನೆಯಲ್ಲಿರುವ ಹಳೆಯ ತುಂಡಿನ ಬಗ್ಗೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ ಬಿಡುವುದು ಒಳ್ಳೆಯದು. ಅದಕ್ಕೆ ಉಳಿ ಹಚ್ಚಬೇಡಿ.

ಮಗಳಿಗೆ ಒಂದು ಕೆಲಸ ಹೇಳಿ. ಗಾಜಿನ ಬಾಗಿಲು ತೆಗೆದು, ಆ ತುಂಡನ್ನು ಬಿಸಿಲಿಗೆ ಹಿಡಿದು ನೋಡಲಿ. ಸಣ್ಣ ಸಣ್ಣ ಗುಳಿ ಕಾಣುತ್ತವೆ. ಗುಳಿಯ ಒಳಗೆ ಅಂಚಿನಿಂದ ನಡುವಿಗೆ ಬರುವ ತೆಳ್ಳನೆಯ ಗೋಡೆಗಳು. ಒಂದೊಂದು ಗುಳಿಯಲ್ಲೂ ಒಂದೊಂದು ಜೀವಿ ಇತ್ತು. ಅದರ ಮೈಯೊಳಗೆ ಪಾಚಿ ಇತ್ತು. ಹವಳಕ್ಕೆ ಬಣ್ಣವೂ ಹೆಚ್ಚಿನ ಊಟವೂ ಆ ಪಾಚಿಯಿಂದಲೇ. ಕಡಲು ಬಿಸಿಯಾದರೆ ಪಾಚಿ ಹೊರಗೆ ಹೋಗುತ್ತದೆ, ಹವಳ ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗೆ ಆಯಿತು. 2024ರಲ್ಲಿ ಪುನಃ ಜೋರಾಗಿ ಆಯಿತು. ನಿಮ್ಮ ಶೋಕೇಸಿನ ಬಿಳಿ ಬಣ್ಣ ಕಡಲಿನೊಳಗೆ ಕಂಡರೆ ಅದು ಕೆಟ್ಟ ಸುದ್ದಿ. ಆ ಗುಳಿಗಳನ್ನು ನೋಡಿ ನೋಡಿ ಹಂಚಿನ ಮಣ್ಣಿನಲ್ಲಿ ಮಾಡಲಿ. ಹಾಂಗ್‌ಕಾಂಗಿನಲ್ಲಿ ಹವಳ ಬೆಳೆಸಲೆಂದೇ ಸುಟ್ಟ ಮಣ್ಣಿನ ಹಂಚು ಮಾಡಿ 2020ರಲ್ಲಿ ಕಡಲಿಗೆ ಇಳಿಸಿದ್ದಾರೆ. ಮಂಗಳೂರು ಹಂಚಿನ ಊರಿನವರು ನಾವು ಸುಮ್ನೆ ಕೂತಿದ್ದೇವೆ.

ಕಡಲ ಬದಿಯಲ್ಲಿ ಬಾಟಲಿ ಹಾಕುವ ದೊಡ್ಡ ಜಾಲರಿಯ ಮೀನು ಇಡುತ್ತಾರಲ್ಲ, ನಮ್ಮ ಶಾಲೆಯ ಇಕೋ ಕ್ಲಬ್‌ನಿಂದ ಅಂಥದ್ದೊಂದು ಮಾಡಬೇಕೆಂದಿದ್ದೇವೆ. ನಿಮ್ಮ ಅಭಿಪ್ರಾಯ?
— ಅಧ್ಯಾಪಕರು, ಮಂಜೇಶ್ವರ

ಮಾಡಿ, ಆದರೆ ಹೊಟ್ಟೆ ಖಾಲಿ ಮಾಡುವವರು ಯಾರು ಅಂತ ಮೊದಲು ಬರೆದಿಡಿ. ಬೆನ್ನಿನ ಬದಿಗೆ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೀ ಯಾರ ಕೈಯಲ್ಲಿ, ವಾರಕ್ಕೆ ಎಷ್ಟು ಸಲ. ಇದು ಗೊತ್ತಿಲ್ಲದೆ ನಿಲ್ಲಿಸಿದ ಮೀನುಗಳನ್ನು ನಾನು ನೋಡಿದ್ದೇನೆ. ಉದ್ಘಾಟನೆಯ ದಿನ ಎಲ್ಲರೂ ಒಂದೊಂದು ಬಾಟಲಿ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಒಂದು ವರ್ಷ ಬಿಸಿಲು ತಿಂದ ಬಾಟಲಿಯನ್ನು ಹಿಚುಕಿದರೆ ಕೈಯಲ್ಲೇ ಚೂರಾಗುತ್ತದೆ. ಆ ಚೂರು ಜಾಲರಿಯಲ್ಲಿ ನಿಲ್ಲುವುದಿಲ್ಲ.

2025ರ ಮೇ ತಿಂಗಳಲ್ಲಿ ಎಂ.ಎಸ್.ಸಿ. ಎಲ್ಸಾ 3 ಹಡಗು ಕೇರಳದ ಕಡಲಿನಲ್ಲಿ ಮುಳುಗಿತಲ್ಲ, ಆಗ ತೆಂಕಣ ಜಿಲ್ಲೆಗಳ ದಡಕ್ಕೆ ಬಂದದ್ದು ಸಾಬಕ್ಕಿ ಗಾತ್ರದ ಪ್ಲಾಸ್ಟಿಕ್ ಕಾಳು. ಮಕ್ಕಳಿಗೆ ಅದನ್ನೂ ಹೇಳಿ. ಯಾವ ಜಾಲರಿ ಮೀನಿನ ಹೊಟ್ಟೆಗೂ ಅದನ್ನು ಹೆಕ್ಕಿ ಹಾಕಲಾಗುವುದಿಲ್ಲ.

ಮಕ್ಕಳ ಕೈಗೆ ಕೆಲಸ ಕೊಡಬೇಕಿದ್ದರೆ ಹರಿದ ಬಲೆ ಒಟ್ಟು ಮಾಡಿಸಿ. ನನ್ನ ತಮ್ಮ ಬೋಟಿಗೆ ಹೋಗುವವ. ಕಡಲಿನಲ್ಲಿ ತೇಲುವ ಬಲೆ ಸಿಕ್ಕಿದರೆ ಎಳೆದು ತಂದು ನನ್ನ ಶೆಡ್ಡಿನ ಎದುರು ಹಾಕಿ ಹೋಗುತ್ತಾನೆ. ಅದನ್ನು ಬಿಡಿಸುವಾಗ ಒಳಗೆ ಏನೇನು ಸಿಕ್ಕಿದೆ ಅಂತ ನೋಡುವುದೇ ಒಂದು ಪಾಠ. ಏಡಿಯ ಕೊಂಬು, ಬಂಗುಡೆಯ ಮುಳ್ಳು, ಒಮ್ಮೆ ಒಂದು ಚಪ್ಪಲಿ.

ಟೀಚರೇ, ಕಲ್ಲಿನ ಆಮೆ ಮಾಡಿದರೆ ಕಡಲು ಉಳಿಯುತ್ತದಾ? ನೀವು ದಡದಲ್ಲಿ ಕೂತು ಆಮೆ ಆಮೆ ಅನ್ನುತ್ತೀರಿ. ನಮ್ಮ ಬಲೆಗೆ ಆಮೆ ಬಿದ್ದರೆ ನಮಗೂ ನಷ್ಟವೇ. ನಮ್ಮ ಹೊಟ್ಟೆಪಾಡಿನ ಬಗ್ಗೆ ಯಾರೂ ಶಿಲ್ಪ ಮಾಡುವುದಿಲ್ಲ.
— ಬೋಟಿನ ಕೆಲಸದವರು, ಮಂಜೇಶ್ವರ

ಅಣ್ಣ, ಕಲ್ಲಿನ ಆಮೆಯಿಂದ ಕಡಲು ಉಳಿಯುವುದಿಲ್ಲ. ನಾನು ಹಾಗೆ ಎಲ್ಲೂ ಹೇಳಿದವಳಲ್ಲ. ನಾನು ಕೆತ್ತುವುದು ನನಗೆ ಆ ಪ್ರಾಣಿಗಳ ಮೇಲೆ ಆಸೆ ಅಂತ.

ನಿಮ್ಮ ಕಷ್ಟ ನನಗೆ ಹೊಸತಲ್ಲ. ಮಂಜೇಶ್ವರದವರಿಗಂತೂ ಎರಡು ಸರ್ಕಾರ. ಆಚೆ ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ ಬೋಟಿಗೆ ರಜೆ, ಈಚೆ ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ 52 ದಿನ. ಮೀನಿಗೆ ಗಡಿ ಗೊತ್ತಿಲ್ಲ, ಸಾಲ ಕೊಟ್ಟವನಿಗೆ ರಜೆ ಗೊತ್ತಿಲ್ಲ. ನನ್ನ ತಮ್ಮನ ಮನೆಯಲ್ಲೂ ಜುಲೈ ಅಂದರೆ ಹಾಗೆಯೇ.

ಆದರೆ ಕಡಲಿಗಾಗಿ ಮನುಷ್ಯರು ಮಾಡಿದ ವಸ್ತುಗಳಲ್ಲಿ ಯಾವುದು ಚೆಂದ ಅಂತ ಕೇಳಿದರೆ ನಾನು ಯಾವ ಶಿಲ್ಪಿಯ ಹೆಸರನ್ನೂ ಹೇಳುವುದಿಲ್ಲ. ಟೆಡ್ ಅನ್ನುತ್ತೇನೆ. ಟ್ರಾಲ್ ಬಲೆಯಲ್ಲಿ ಆಮೆ ಹೊರಗೆ ಹೋಗಲು ಇಡುವ ಚೌಕಟ್ಟು. ನೀವು ನೋಡಿರಬಹುದು, ನೋಡದವರಿಗಾಗಿ ಹೇಳುತ್ತೇನೆ. ಮೊಟ್ಟೆಯಾಕಾರದ ಸ್ಟೀಲಿನ ಬಳೆ, ಅದರೊಳಗೆ ಮೇಲಿಂದ ಕೆಳಗೆ ಕಂಬಿಗಳು. ಬಲೆಯ ಕೊನೆಯ ಚೀಲಕ್ಕೆ ಹೋಗುವ ದಾರಿಯಲ್ಲಿ ಅದನ್ನು ಓರೆಯಾಗಿ ಕೂರಿಸುತ್ತಾರೆ. ಸಿಗಡಿ, ಸಣ್ಣ ಮೀನು ಕಂಬಿಯ ಸಂದಿನಲ್ಲಿ ಹಿಂದಕ್ಕೆ ಹೋಗುತ್ತವೆ. ಆಮೆ ಕಂಬಿಗೆ ತಾಗುತ್ತದೆ, ಓರೆಯಲ್ಲಿ ಜಾರುತ್ತದೆ, ಬಲೆಯಲ್ಲಿ ಬಿಟ್ಟ ಕಿಂಡಿಯ ಮುಚ್ಚಳ ತಳ್ಳಿಕೊಂಡು ಹೊರಗೆ ಹೋಗುತ್ತದೆ. ಅದು ಉಸಿರಿಗೆ ಮೇಲೆ ಬರಲೇಬೇಕಾದ ಪ್ರಾಣಿ. ಗಂಟೆಗಟ್ಟಲೆ ಎಳೆಯುವ ಬಲೆಯೊಳಗೆ ಸಿಕ್ಕಿದರೆ ನೀರಿನಲ್ಲೇ ಮುಳುಗಿ ಸಾಯುತ್ತದೆ. ಆ ಓರೆಯ ಕೋನ ಇದೆಯಲ್ಲ, ಸ್ವಲ್ಪ ಜಾಸ್ತಿ ನೇರ ಆದರೆ ಆಮೆ ಜಾರದೆ ಕಂಬಿಗೆ ಒತ್ತಿಕೊಳ್ಳುತ್ತದೆ, ಸ್ವಲ್ಪ ಜಾಸ್ತಿ ಮಲಗಿದರೆ ನಿಮ್ಮ ಸಿಗಡಿಯೂ ಅದರ ಜೊತೆ ಹೋಗುತ್ತದೆ. ಅಷ್ಟು ಸೂಕ್ಷ್ಮ. ನಮ್ಮ ಬೋಟಿಗೆ ಹೊಂದುವಂಥದ್ದನ್ನು ಕೊಚ್ಚಿಯ ಸಿ.ಐ.ಎಫ್.ಟಿ. ಎಂಬ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯವರು ಮಾಡಿದ್ದಾರೆ.

ಅದನ್ನು ಹಾಕಿದರೆ ಹಿಡಿದದ್ದರಲ್ಲಿ ಸ್ವಲ್ಪ ಹೋಗುತ್ತದೆ ಅಂತ ಬೋಟಿನವರು ಹೇಳುವುದು ನನಗೆ ಗೊತ್ತು. ಅಷ್ಟನ್ನು ಭರ್ತಿ ಮಾಡಿಕೊಡುವುದು ಸರ್ಕಾರದ ಕೆಲಸ ಅಂತ ನನ್ನ ಅಭಿಪ್ರಾಯ. ಆದರೆ ಅದನ್ನು ಹಾಕದೇ ಇರುವುದರ ನಷ್ಟವೂ ನಿಮಗೇ ಬಂತಲ್ಲ? ನಮ್ಮ ಕಡಲಿನಲ್ಲಿ ಹಿಡಿದ ಸಿಗಡಿಯನ್ನು ಅಮೆರಿಕದವರು ಕೊಳ್ಳುವುದು ನಿಲ್ಲಿಸಿದ್ದು ಇದೇ ಕಾರಣಕ್ಕೆ.

ಹೊಟ್ಟೆಪಾಡಿನ ಶಿಲ್ಪದ ಮಾತು ನನಗೆ ತಾಗಿತು. ಬಲೆ ಎಳೆಯುವವರ ಕೈ ಮಾಡಬೇಕು ಅಂತ ತುಂಬಾ ದಿನದಿಂದ ಮನಸ್ಸಿನಲ್ಲಿದೆ. ಹಗ್ಗ ಹಿಡಿದು ಹಿಡಿದು ಕಿರುಬೆರಳು ಒಳಗೆ ಮಡಚಿಕೊಂಡೇ ಇರುವ ಕೈ. ನನ್ನ ತಮ್ಮ ಹತ್ತು ನಿಮಿಷ ಕೂರು ಅಂದರೆ ಕೂರುವುದಿಲ್ಲ. ನೀವು ಕೂರುತ್ತೀರಾದರೆ ರಜೆಯ ತಿಂಗಳಲ್ಲಿ ಬನ್ನಿ, ಪ್ಲಾಸ್ಟರಿನಲ್ಲಿ ಅಚ್ಚು ತೆಗೆಯುತ್ತೇನೆ. ಬಸ್ಸಿನ ಖರ್ಚು ನನ್ನದು.

ಮಗನಿಗೆ ಒಂಬತ್ತು ವರ್ಷ. ಯಾವಾಗ ನೋಡಿದರೂ ತೋಟದ ಮಣ್ಣಿನಲ್ಲಿ ಏಡಿ ಮಾಡುತ್ತಾನೆ. ಒಣಗಿದ ಕೂಡಲೇ ಕಾಲು ಮುರಿಯುತ್ತದೆ, ಅಳುತ್ತಾನೆ. ಏನು ಮಾಡಲಿ ಟೀಚರ್?
— ತಾಯಿ, ಮುಳ್ಳೇರಿಯ

ತೋಟದ ಮಣ್ಣಿನಲ್ಲಿ ಹೊಯಿಗೆ, ಕಲ್ಲು ಇರುತ್ತದೆ. ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳದಲ್ಲಿ ನಿಂತ ನುಣ್ಣನೆಯ ಮಣ್ಣು ಮಾತ್ರ ತೆಗೆಯಿರಿ. ಕುಂಬಾರರ ಹತ್ತಿರ ಸಿಕ್ಕಿದರೆ ಇನ್ನೂ ಸುಲಭ. ಕಾಲನ್ನು ಸುಮ್ನೆ ಅಂಟಿಸಿದರೆ ಬೀಳುತ್ತದೆ. ಎರಡೂ ಕಡೆ ಕಡ್ಡಿಯಿಂದ ಗೀರಿ, ನೀರಾದ ಮಣ್ಣು ಸವರಿ ಒತ್ತಬೇಕು. ಕಾಲನ್ನು ಗಾಳಿಯಲ್ಲಿ ನಿಲ್ಲಿಸುವುದು ಬೇಡ, ಮೈಗೆ ತಾಗಿ ಮಡಚಿದ ಏಡಿ ಮಾಡಲಿ. ಹೆದರಿದ ಏಡಿ ಹಾಗೆಯೇ ಕೂರುವುದು. ಬಿಸಿಲಿಗೆ ಇಡಬೇಡಿ. ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿ ನಿಧಾನ ಒಣಗಲಿ. ಮಳೆಗಾಲದಲ್ಲಾದರೆ ವಾರ ಬೇಕು. ಕಾಲು ಎಂಟು, ಕೊಂಬು ಎರಡು, ಅದನ್ನು ಅವನಿಗೆ ಹೇಳಬೇಡಿ. ಏಡಿ ನೋಡಿಯೇ ಎಣಿಸಲಿ.

ಈ ಕಡೆ ಬಂದಾಗ ಅವನನ್ನು ಶೆಡ್ಡಿಗೆ ಕರೆದುಕೊಂಡು ಬನ್ನಿ. ಭಾನುವಾರ ಮಾತ್ರ ಬೇಡ, ಅಂದು ನಮ್ಮಲ್ಲಿ ಮೀನು ತಿನ್ನಲು ನೆಂಟರು ಜಾಸ್ತಿ.